ತೊಂಬತ್ತೊಂಬತ್ತರ ಕೆಳಗೆ

ಬೀದರ
14 ಜನವರಿ 2024

ಪ್ರೀತಿಯ ಅಪ್ಪನಿಗೆ ಸ್ಟೆಲ್ಲಾಳ ವಂದನೆಗಳು.

ಔರಾದದ ಸಬ್‌ಸ್ಟೇಶನ್ನಿನಲ್ಲಿ ಟ್ರಾನ್ಸ್‌ಫಾರ್ಮರಿನ ಪಕ್ಕ ಕುಳಿತು ಕುಳಿತು ನಿಮ್ಮ ಕಿವಿ ಮಂದವಾಗಿದೆ. ಫೋನಿನಲ್ಲಿ ನಾನು ಹೇಳಿದ್ದಕ್ಕೆಲ್ಲ "ಹೌದವ್ವಾ, ಹೌದವ್ವಾ" ಎನ್ನುತ್ತೀರಿ. ಇಟ್ಟ ಮೇಲೆ ಅವ್ವನಿಗೆ "ಏನಂದ್ಳು?" ಎಂದು ಕೇಳುತ್ತೀರಂತೆ. ಅದಕ್ಕೆ ಇನ್ನು ಮುಂದೆ ಬರೆಯುತ್ತೇನೆ. ಔರಾದ ಬಸ್ಸಿನ ಕಂಡಕ್ಟರ್ ಪಂಢರಿ ಕಾಕಾ ತಲುಪಿಸುತ್ತಾರೆ. "ಕಾಗದಕ್ಕೂ ಅರ್ಧ ಟಿಕೆಟ್ ಹರೀಬೇಕಾಗ್ತದ ನೋಡವ್ವಾ" ಎಂದು ನಕ್ಕರು.

ನನ್ನನ್ನು ಆಫೀಸಿನಲ್ಲಿ ಹೊಸ ವಿಭಾಗಕ್ಕೆ ಹಾಕಿದ್ದಾರೆ. ಮುಂದಿನ ಐದು ವರ್ಷಗಳಲ್ಲಿ ಎಲ್ಲೆಲ್ಲಿ ಹೊಸ ಲೈನು ಎಳೆಯಬೇಕು ಎಂದು ಲೆಕ್ಕ ಹಾಕಿ ಮೇಲಿನವರಿಗೆ ಕಳಿಸುವ ಕೆಲಸ. ಭಾಲ್ಕಿಯಿಂದ ಔರಾದಕ್ಕೆ ಇರುವುದು ಒಂದೇ ದೊಡ್ಡ ಲೈನು. ಅದರ ವೋಲ್ಟೇಜ್ ನೂರ ಹತ್ತು ಸಾವಿರ ಇರಬೇಕು. ತೊಂಬತ್ತೊಂಬತ್ತು ಸಾವಿರದವರೆಗೆ ಇಳಿದರೂ ನಡೆಯುತ್ತದೆ ಎಂದು ನಿಯಮ. ಅದರ ಕೆಳಗೆ ಇಳಿಯುತ್ತದೆ ಎಂದು ತೋರಿಸಿಕೊಟ್ಟರೆ ಎರಡನೇ ಲೈನು ಕೇಳಬಹುದು. ಎರಡನೇ ಲೈನು ಬಂದರೆ ಎಕಂಬಾದ ನಮ್ಮ ಮನೆಯಲ್ಲಿ ಅವ್ವನ ಆಕ್ಸಿಜನ್ ಮಷೀನು ಸಂಜೆ ನಿಲ್ಲುವುದಿಲ್ಲ. ನಾನು ಈ ವಿಭಾಗಕ್ಕೆ ಬಂದದ್ದು ದೇವರ ಚಿತ್ತವೆಂದೇ ಅಂದುಕೊಂಡೆ.

ಆದರೆ ನಿಮ್ಮ ಸ್ಟೇಶನ್ನಿನಿಂದ ಬರುವ ಅಂಕಿಗಳನ್ನು ನೋಡಿದರೆ ಔರಾದಕ್ಕೆ ಯಾವ ಕೊರತೆಯೂ ಇಲ್ಲ. ಸಂಜೆ ಹೊತ್ತಿನಲ್ಲಂತೂ ಭಾಲ್ಕಿಗಿಂತ ಚೆನ್ನಾಗಿದೆ. ಇದು ಹೇಗೆ ಅಪ್ಪಾ? ನೀವೇ ಬರೆದ ಅಂಕಿಗಳು, ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ.

ನಿಮ್ಮ ಮಗಳು,
ಸ್ಟೆಲ್ಲಾ


ಔರಾದ
29 ಜನವರಿ 2024

ಮಗಳು ಸ್ಟೆಲ್ಲಾಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಪಂಢರಿ ಕೊಡುವಾಗ ಎಲ್ಲರೆದುರಿಗೆ "ಮಗಳ ಹುಕುಂ ಬಂದದ ನೋಡ್ರಿ" ಎಂದ. ನಾವು ಹುಡುಗರಾಗಿದ್ದಾಗ ಎಮ್ಮೆ ಮೇಯಿಸಲು ಒಟ್ಟಿಗೆ ಹೋಗುತ್ತಿದ್ದೆವು. ಅಂದಿನಿಂದ ಅವನ ಬಾಯಿ ಹಾಗೆಯೇ ಇದೆ.

ಅವ್ವ ಚೆನ್ನಾಗಿದ್ದಾಳೆ. ಈ ನಡುವೆ ಸಂಜೆ ಮಷೀನು ನಿಲ್ಲುವುದು ಕಡಿಮೆಯಾಗಿದೆ. ನಾನು ಮೀಟರಿನಲ್ಲಿ ಕಂಡದ್ದನ್ನೇ ಬರೆಯುತ್ತೇನೆ. ಭಾಲ್ಕಿಯಿಂದ ಬರುವ ಮೇಲಿನ ಲೈನಿನ ಮೀಟರು ಕೆಟ್ಟು ಹೋಗಿದೆ, ಊರುಗಳ ಕಡೆಯ ಮೀಟರು ಮಾತ್ರ ಇದೆ. ಅದು ನಿಮ್ಮ ಆಫೀಸಿಗೂ ಗೊತ್ತು.

ಎರಡನೇ ಲೈನಿನ ಮಾತು ನೀನು ಸಾಲೆಗೆ ಹೋಗುತ್ತಿದ್ದಾಗಿನಿಂದ ಕೇಳುತ್ತಿದ್ದೇನೆ. ನಿಮ್ಮವ್ವ ಮಾತ್ರ ಊರಿಗೆಲ್ಲ ಹೇಳಿ ಆಯಿತು. ಬಾಜೂ ಮನೆಯ ಮಹಮೂದಾ ಬೇಗಂ ನನ್ನನ್ನು ನಿಲ್ಲಿಸಿ, "ಯೇಸಪ್ಪಣ್ಣಾ, ಸ್ಟೆಲ್ಲಾ ಬೇಟಿ ನಮ್ಮ ಸಲುವಾಗಿ ಹೊಸಾ ಲೈನ್ ತರ್ಲತ್ತಾಳಂತ, ಖರೇನ?" ಎಂದರು. ಕಿವಿ ಕೇಳದವನಂತೆ ಮುಂದೆ ಹೋದೆ.

ಬಿಸಿಲಾಗುವ ಮೊದಲು ಒಮ್ಮೆ ಬಂದು ಹೋಗು.

ನಿನ್ನ ಅಪ್ಪ,
ಯೇಸಪ್ಪ


ಬೀದರ
20 ಫೆಬ್ರವರಿ 2024

ಅಪ್ಪನಿಗೆ ವಂದನೆಗಳು.

ಭಾನುವಾರ ಎಕಂಬಾದಲ್ಲಿ ನಿಮ್ಮೆದುರು ಕುಳಿತಾಗ ಈ ಮಾತು ಆಡಲಾಗಲಿಲ್ಲ. ನೀವು ಡ್ಯೂಟಿಗೆ ಹೋದ ಮೇಲೆ ಅವ್ವ ಹೇಳಿದಳು. ಏನೋ ಹೆಮ್ಮೆಯ ಸಂಗತಿ ಹೇಳುವಂತೆ ಹೇಳಿದಳು: "ನಿಮ್ಮಪ್ಪ ಔರಾದದಾಗ ಕುಂತು ನನ್ನ ದಮ್ಮು ಎತ್ತತಾರ. ಒಂದ್ ಗುಂಡಿ ಒತ್ತತಾರಂತ, ಇಲ್ಲಿ ಮಷೀನ್ ಒದರೋದು ಬಂದ್ ಆಗ್ತದ. ಲಗ್ನದಾಗ ಒಂದ್ ಬಳಿ ಕೊಡಸ್ಲಿಕ್ಕ ಆಗಿದ್ದಿಲ್ಲ, ಈಗ ಕರೆಂಟ್ ಕೊಡಸ್ಲತ್ತಾರ."

ನೀವು ಸಂಜೆಯ ಡ್ಯೂಟಿಯನ್ನೇ ಯಾಕೆ ಕೇಳಿ ಹಾಕಿಸಿಕೊಳ್ಳುತ್ತೀರಿ ಎಂದು ಆಗ ತಿಳಿಯಿತು.

ಅಪ್ಪಾ, ನೀವು ಆ ಗುಂಡಿ ಒತ್ತಿ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಏರಿಸಿದರೆ ಊರಿನ ಕಡೆಯ ವೋಲ್ಟೇಜ್ ಏರುತ್ತದೆ. ಮೀಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ನಾವು ಇಲ್ಲಿ ಅದೇ ಅಂಕಿಯಿಂದ ಮೇಲಿನ ಲೈನು ಹೇಗಿದೆ ಎಂದು ಲೆಕ್ಕ ಹಾಕುತ್ತೇವೆ. ಟ್ಯಾಪ್ ನಡುವಿನಲ್ಲಿಯೇ ಇದೆ ಎಂದು ತಿಳಿದು ಹಾಕುತ್ತೇವೆ. ಯಾಕೆಂದರೆ ನಿಮ್ಮ ಹಾಳೆಯಲ್ಲಿ ಟ್ಯಾಪಿನ ಜಾಗದಲ್ಲಿ ಯಾವಾಗಲೂ "ಮೇಲಿನಂತೆ" ಎಂಬ ಎರಡು ಗೀಟು ಮಾತ್ರ ಇರುತ್ತವೆ. ಹೀಗಾಗಿ ನೀವು ಪ್ರತಿ ಸಂಜೆ ಅವ್ವನಿಗೆ ಉಸಿರು ಕಳಿಸುತ್ತೀರಿ, ನಮ್ಮ ಲೆಕ್ಕದಲ್ಲಿ ಔರಾದಕ್ಕೆ ಎರಡನೇ ಲೈನು ಬೇಕಿಲ್ಲ ಎಂದಾಗುತ್ತದೆ.

ಇನ್ನೊಂದು ಮಾತು. ನೀವು ಏರಿಸಿದಷ್ಟೂ ಭಾಲ್ಕಿಯ ಲೈನು ಹೆಚ್ಚು ಎಳೆಯಬೇಕಾಗುತ್ತದೆ, ಎಳೆದಷ್ಟೂ ಅದು ಇನ್ನೂ ಕುಗ್ಗುತ್ತದೆ. ಕುಗ್ಗುವುದಕ್ಕೂ ಒಂದು ಕೊನೆ ಇರುತ್ತದೆ. ಆ ಕೊನೆ ದಾಟಿದರೆ ನಿಧಾನವಾಗಿ ಇಳಿಯುವುದಿಲ್ಲ, ಒಮ್ಮೆಲೇ ಬೀಳುತ್ತದೆ. ಔರಾದ, ಭಾಲ್ಕಿ ಎಲ್ಲ ಕತ್ತಲಾಗುತ್ತವೆ.

ಮಾರ್ಚಿನಲ್ಲಿ ಕಬ್ಬಿಗೆ ನೀರು ಬಿಡುವ ಕಾಲಕ್ಕೆ ಹೊಸದಾಗಿ ಅಂಕಿಗಳನ್ನು ತೆಗೆಯುತ್ತಾರೆ. ಅಷ್ಟು ದಿನ ಟ್ಯಾಪ್ ಮುಟ್ಟಬೇಡಿ. ಇದ್ದದ್ದು ಇದ್ದ ಹಾಗೆ ಕಾಣಲಿ. ಅವ್ವನನ್ನು ನಾನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಲೈನು ಮಂಜೂರಾದ ಮೇಲೆ ಅವಳನ್ನು ಮನೆಗೆ ತಂದು ಬಿಡುತ್ತೇನೆ.

ಸಿಟ್ಟಾಗಬೇಡಿ.

ಸ್ಟೆಲ್ಲಾ


ಎಕಂಬಾ
27 ಫೆಬ್ರವರಿ 2024

ಸ್ಟೆಲ್ಲಾಗೆ ಆಶೀರ್ವಾದ.

ಸಿಟ್ಟಿಲ್ಲ. ಆ ಎರಡು ಗೀಟು ನಾನು ಶುರು ಮಾಡಿದ್ದಲ್ಲ, ನನಗಿಂತ ಮೊದಲು ಇದ್ದವನು ಹಾಗೆ ಎಳೆಯುತ್ತಿದ್ದ. ನಾನೂ ಎಳೆದೆ. ಅದರಲ್ಲಿ ಇಷ್ಟೆಲ್ಲ ಇರುತ್ತದೆ ಎಂದು ಯಾರೂ ಹೇಳಲಿಲ್ಲ.

ವೋಲ್ಟೇಜ್ ಇಳಿದು ಮಷೀನು ಕೂಗುವಾಗ ನೀನು ಮನೆಯಲ್ಲಿ ಇದ್ದದ್ದು ಕಡಿಮೆ. ಕೂಗುವುದು ಮಷೀನು ಮಾತ್ರ, ನಿಮ್ಮವ್ವ ಕೂಗುವುದಿಲ್ಲ. ಮಂಚದ ಅಂಚು ಹಿಡಿದು ಬಲ್ಬಿನ ಕಡೆ ನೋಡುತ್ತ ಕೂರುತ್ತಾಳೆ. ಬಲ್ಬು ಕೆಂಪಗೆ ಉರಿಯುತ್ತಿರುತ್ತದೆ. ಸ್ಟೆಬಿಲೈಜರ್ ತಂದೆ, ಅದೂ ಟಕ್ಕೆಂದು ಬಂದ್ ಆಗುತ್ತದೆ. ಬ್ಯಾಟರಿ ತಂದೆ, ಅದು ತುಂಬಲು ಕರೆಂಟೇ ಇಲ್ಲ. ಒಂದು ಸಂಜೆ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮರುದಿನ ಡ್ಯೂಟಿಯಲ್ಲಿ ನನ್ನ ಕೈ ತಾನಾಗಿ ಗುಂಡಿಯ ಮೇಲೆ ಹೋಯಿತು. ಅಲ್ಲಿಂದ ಶುರು.

ನೀನು ಹೇಳಿದಂತೆ ಆಗಲಿ. ಅವಳು ನಿನ್ನ ಹತ್ತಿರ ಇದ್ದರೆ ನನ್ನ ಕೈ ಸುಮ್ಮನಿರುತ್ತದೆ. ಅವಳಿಗೂ ಹೇಳಿದೆ. ಎರಡೇ ಸೀರೆ ಕಟ್ಟಿಕೊಂಡಿದ್ದಾಳೆ. ಇನ್ನೊಂದು ಇಟ್ಟುಕೋ ಎಂದರೆ, "ಯಾಕ, ಅಲ್ಲೇ ಇಟ್ಕೋತಾಳೇನು ನನಗ? ಬಂದೇ ಬಿಡ್ತೀನಿ" ಎನ್ನುತ್ತಾಳೆ.

ಯೇಸಪ್ಪ


ಬೀದರ
16 ಮಾರ್ಚ್ 2024

ಅಪ್ಪನಿಗೆ ವಂದನೆಗಳು.

ಅವ್ವ ಚೆನ್ನಾಗಿದ್ದಾಳೆ. ಬಂದ ದಿನದಿಂದ ಮಷೀನು ಒಮ್ಮೆಯೂ ಕೂಗಿಲ್ಲ. ಮೊದಲ ದಿನ ಸಂಜೆಯಾಗುತ್ತಲೇ ಮಂಚದ ಅಂಚು ಹಿಡಿದು ಕುಳಿತಳು. ಏನೂ ಆಗಲಿಲ್ಲ. ಆಮೇಲೆ ಕೈ ಬಿಟ್ಟಳು.

ನಾನು ಇಡೀ ದಿನ ಆಫೀಸಿನಲ್ಲಿರುತ್ತೇನೆ. ನನ್ನದು ಒಂದೇ ಕೋಣೆ, ಮೂರನೇ ಮಾಳಿಗೆ. ಅವಳಿಗೆ ಇಳಿಯಲಾಗುವುದಿಲ್ಲ. ನಿನ್ನೆ ಹೇಳಿದಳು: "ಇಲ್ಲಿ ಕರೆಂಟ್ ಬೇಕಾದಷ್ಟು ಅದ. ಮಾತಾಡ್ಲಿಕ್ಕ ಒಂದ್ ನಾಯಿ ಸುದ್ದಾ ಇಲ್ಲ. ಅಲ್ಲಿ ದಮ್ಮ್ ಇರ್ತಿದ್ದಿಲ್ಲ, ಮಂದಿ ಇದ್ದರು." ನಕ್ಕುಕೊಂಡೇ ಹೇಳಿದಳು. ಮಹಮೂದಾ ಬೇಗಂ ಹೇಗಿದ್ದಾರೆ ಎಂದು ಕೇಳಿದ್ದಾಳೆ. ನೀವು ಊಟಕ್ಕೆ ಏನು ಮಾಡುತ್ತೀರಿ ಎಂದು ದಿನವೂ ಕೇಳುತ್ತಾಳೆ.

ಸ್ವಲ್ಪ ದಿನ ತಡೆದುಕೊಳ್ಳಿ ಅಪ್ಪಾ.

ಸ್ಟೆಲ್ಲಾ


ಔರಾದ
8 ಏಪ್ರಿಲ್ 2024

ಸ್ಟೆಲ್ಲಾಗೆ ಆಶೀರ್ವಾದ.

ಊಟಕ್ಕೆ ಚಿಂತೆಯಿಲ್ಲ ಎಂದು ನಿಮ್ಮವ್ವನಿಗೆ ಹೇಳು. ಮಹಮೂದಾ ಬೇಗಂ ರೊಟ್ಟಿ ಕಳಿಸುತ್ತಾರೆ.

ನಾನು ಟ್ಯಾಪ್ ಮುಟ್ಟಿಲ್ಲ. ಸಂಜೆ ಪಂಪುಗಳೆಲ್ಲ ಶುರುವಾದ ಮೇಲೆ ಮೀಟರಿನ ಮುಳ್ಳು ಇಳಿಯುತ್ತ ಹೋಗುತ್ತದೆ. ನಾನು ನೋಡುತ್ತ ಕೂರುತ್ತೇನೆ. ನಿಮ್ಮವ್ವ ಬೀದರದಲ್ಲಿದ್ದಾಳೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಆದರೆ ಊರು ಬೀದರಕ್ಕೆ ಹೋಗಿಲ್ಲವಲ್ಲ.

ಮೊನ್ನೆ ಗಿರಣಿಯ ಮುನೀರೋದ್ದೀನ ಸ್ಟೇಶನ್ನಿಗೆ ಬಂದ. ಸುಟ್ಟ ಮೋಟರನ್ನು ಗೋಣಿಯಲ್ಲಿ ಸುತ್ತಿ ತಂದು ಬಾಗಿಲಲ್ಲಿ ಇಟ್ಟ. "ಹ್ಯಾಂಗ್ರಿ ಯೇಸಪ್ಪಣ್ಣಾ, ಮನಿಯಾಕಿ ಹ್ವಾದ ಮ್ಯಾಲ ನಮ್ಮೂರಿಗಿ ಕರೆಂಟ್ ಕಳಸೋದೇ ಬಿಟ್ರೇನು?" ಎಂದ. ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದಂತೆ ಕಾಣುತ್ತದೆ. ಯಾರೂ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಎಲ್ಲರ ಮನೆಯಲ್ಲೂ ಫ್ಯಾನು ತಿರುಗುತ್ತಿತ್ತು. ನಾನು ಎರಡನೇ ಲೈನಿನ ಮಾತು ಹೇಳಿದೆ. ಸ್ವಲ್ಪ ದಿನ ಕಷ್ಟಪಟ್ಟರೆ ಮುಂದೆ ಚಲೋ ಆಗುತ್ತದೆ ಎಂದೆ. ಅವನು ಮೋಟರನ್ನು ಎತ್ತಿಕೊಂಡು, "ನಿಮ್ಮ ಮಗಳ ಮ್ಯಾಲ ಭರೋಸಾ ಅದರಿ, ಅದಕ್ಕ ಸುಮ್ಮನ ಹೋಗ್ತೇನಿ" ಎಂದು ಹೋದ.

ಈಗ ಹಾಳೆಯಲ್ಲಿ ಟ್ಯಾಪಿನ ಜಾಗದಲ್ಲಿ ಗೀಟು ಎಳೆಯುತ್ತಿಲ್ಲ, ಅಂಕಿಯನ್ನೇ ಬರೆಯುತ್ತಿದ್ದೇನೆ. ಇಷ್ಟು ಇಳಿದರೆ ಸಾಕೋ, ಇನ್ನೂ ಇಳಿಯಬೇಕೋ, ನನಗೆ ತಿಳಿಯದು.

ಯೇಸಪ್ಪ


ಬೀದರ
11 ಮೇ 2024

ಅಪ್ಪನಿಗೆ ವಂದನೆಗಳು.

ಸಾಕು ಅಪ್ಪಾ. ಲೆಕ್ಕ ಬಂತು. ತೊಂಬತ್ತೇಳು ಸಾವಿರ. ಮಿತಿಗಿಂತ ಕೆಳಗೆ. ಭಾಲ್ಕಿಯ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಒಂದು ಕೆಟ್ಟರೆ ಇನ್ನೂ ಕೆಳಗೆ. ನನ್ನ ಮೇಲಿನ ಎಂಜಿನಿಯರ್ ವಿಶ್ವಾಸ ಸರ್ ನೋಡಿ, "ಇದನ್ನ ಯಾರೂ ಇಲ್ಲ ಅನ್ನಲಿಕ್ಕ ಬರೋದಿಲ್ಲ" ಎಂದರು. ಎರಡನೇ ಲೈನಿಗೆ ಶಿಫಾರಸು ಬರೆದು ಕಳಿಸಿದ್ದೇವೆ.

ನನ್ನ ಊರಿನ ವೋಲ್ಟೇಜ್ ಬಿದ್ದಿದೆ ಎಂದು ನಾನು ಸಂತೋಷಪಟ್ಟೆ. ಎಂಥ ಕೆಲಸ ನೋಡಿ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ, ಇನ್ನೂ ಮಂಜೂರಾಗಿಲ್ಲ. ಅವಳನ್ನು ನೋಡಲು ಚರ್ಚಿನ ಹೆಂಗಸರು ಬಂದಿದ್ದರು, ಅವರ ಮುಂದೆ ಹೇಳಿಬಿಟ್ಟಳು. ಎಲ್ಲರೂ ಅಲ್ಲೇ ಸ್ತೋತ್ರ ಹಾಡಿದರು. ಅವ್ವನೂ ಹಾಡಿದಳು. ನಡುನಡುವೆ ಉಸಿರಿಗಾಗಿ ನಿಲ್ಲಿಸಿ, ಮತ್ತೆ ಅವರು ಎಲ್ಲಿದ್ದರೋ ಅಲ್ಲಿಂದ ಸೇರಿಕೊಂಡಳು.

ಬೇಕಿದ್ದರೆ ಈಗ ಟ್ಯಾಪ್ ಸ್ವಲ್ಪ ಏರಿಸಿಕೊಳ್ಳಿ, ಅತಿಯಾಗುವುದು ಬೇಡ. ಮುನೀರೋದ್ದೀನ ಕಾಕಾನಿಗೆ ನನ್ನ ಸಲಾಮು ಹೇಳಿ.

ಸ್ಟೆಲ್ಲಾ


ಔರಾದ
2 ಜುಲೈ 2024

ಸ್ಟೆಲ್ಲಾಗೆ ಆಶೀರ್ವಾದ.

ಮಳೆ ಚೆನ್ನಾಗಿದೆ. ಪಂಪುಗಳು ನಿಂತಿವೆ, ವೋಲ್ಟೇಜ್ ಪರವಾಗಿಲ್ಲ. ನಿನ್ನ ಪತ್ರ ಬಾರದೆ ಬಹಳ ದಿನವಾಯಿತು. ಪಂಢರಿ ದಿನವೂ ಬರಿಗೈ ತೋರಿಸಿ, "ಇವತ್ತೂ ಹುಕುಂ ಇಲ್ಲ" ಎನ್ನುತ್ತಾನೆ. ಈಗ ಅವನೂ ನಗುವುದಿಲ್ಲ.

ಲೈನಿನ ಮಾತು ಎಲ್ಲಿಗೆ ಬಂತು? ಅವ್ವನನ್ನು ಮಳೆಗಾಲದಲ್ಲಾದರೂ ಕರೆತರಬಹುದೇ?

ಯೇಸಪ್ಪ


ಬೀದರ
19 ಆಗಸ್ಟ್ 2024

ಅಪ್ಪನಿಗೆ ವಂದನೆಗಳು.

ಬಹಳ ಸಲ ಬರೆಯಲು ಕುಳಿತು ಬಿಟ್ಟಿದ್ದೇನೆ. ಮಳೆಗಾಲಕ್ಕೆ ಅವ್ವನನ್ನು ಕಳಿಸಲು ಡಾಕ್ಟರು ಒಪ್ಪಲಿಲ್ಲ. ಗಾಳಿಗೆ ಲೈನು ಹೋದರೆ ಏನು ಮಾಡುತ್ತೀರಿ ಎಂದರು.

ಎರಡನೇ ಲೈನು ಆಗಲಿಲ್ಲ.

ಲೈನು ಮಂಜೂರು ಮಾಡುವ ಸಭೆಗೆ ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ತೊಂಬತ್ತೇಳು ಎಂಬುದನ್ನು ಯಾರೂ ಸುಳ್ಳೆನ್ನಲಿಲ್ಲ. ಎಲ್ಲರೂ ಒಪ್ಪಿದರು. ಲೈನು ಕುಸಿಯುವ ಅಪಾಯ ಇದೆ ಎಂದೂ ಒಪ್ಪಿದರು. ಆದರೆ ನಿಯಮದಲ್ಲಿ ಇರುವುದು ವೋಲ್ಟೇಜ್ ಮಿತಿಯೊಳಗೆ ಇರಬೇಕು ಎಂದಷ್ಟೇ. ಹೊಸ ಲೈನಿನಿಂದಲೇ ಇರಬೇಕು ಎಂದಿಲ್ಲ. ಔರಾದ ಸ್ಟೇಶನ್ನಿನಲ್ಲಿ ಒಂದು ಪೆಟ್ಟಿಗೆ ಕೂರಿಸುತ್ತಾರೆ. ವೋಲ್ಟೇಜ್ ತೊಂಬತ್ತೊಂಬತ್ತರ ಹತ್ತಿರ ಬಂದ ಕೂಡಲೇ ಅದು ಕೆಲವು ಊರುಗಳಿಗೆ ಹೋಗುವ ಫೀಡರ್ ಲೈನುಗಳನ್ನು ತಾನೇ ಕಡಿದು ಹಾಕುತ್ತದೆ. ಭಾರ ಇಳಿದರೆ ಉಳಿದದ್ದು ನಿಲ್ಲುತ್ತದೆ. ಲೆಕ್ಕ ಸರಿಯಾಗುತ್ತದೆ. ಟ್ಯಾಪಿಗೂ ಬೀಗ ಹಾಕುತ್ತಾರೆ, ಯಾರೂ ಕೈಯಿಂದ ಏರಿಸಬಾರದು ಎಂದು.

ಯಾವ ಊರನ್ನು ಮೊದಲು ಕಡಿಯಬೇಕು ಎಂಬ ಪಟ್ಟಿ ಮಾಡಲು ನನಗೇ ಹೇಳಿದರು. ದವಾಖಾನೆಯ ಫೀಡರನ್ನು ಪಟ್ಟಿಯಿಂದ ಬಿಟ್ಟೆ. ಕುಡಿಯುವ ನೀರಿನದು ಬಿಟ್ಟೆ. ಔರಾದ ಪೇಟೆಯದು ಬಿಡಲೇಬೇಕು. ಉಳಿದವುಗಳಲ್ಲಿ ಎಕಂಬಾ ಫೀಡರೇ ಉದ್ದ, ಅದರ ಮೇಲೇ ಪಂಪು ಹೆಚ್ಚು. ಅದೊಂದನ್ನು ಕಡಿದರೆ ಲೈನು ಬೇಗ ಚೇತರಿಸಿಕೊಳ್ಳುತ್ತದೆ. ಎಲ್ಲೋ ತಪ್ಪಿರಲಿ ಎಂದು ಮತ್ತೆ ಮತ್ತೆ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ. ವಿಶ್ವಾಸ ಸರ್ ಹತ್ತಿರ ಹೋಗಿ, ನನ್ನ ಊರು ಅದು, ಅವ್ವ ಹೀಗಿದ್ದಾಳೆ ಎಂದೆ. ಅವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, "ಎಕಂಬಾ ತಗದು ಯಾವ ಊರು ಹಾಕ್ಲಿ, ನೀನೇ ಹೇಳವ್ವಾ. ಅಲ್ಲಿಯೂ ಯಾರೋ ಮಂಚದ ಮ್ಯಾಲ ಇರ್ತಾರ" ಎಂದರು. ಸಹಿ ಮಾಡಿದೆ.

ಅವ್ವನಿಗೆ ಹೇಳಿಲ್ಲ. ಲೈನು ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿರುತ್ತಾಳೆ. ನನ್ನಿಂದ ಆಗುವುದಿಲ್ಲ ಅಪ್ಪಾ. ನೀವು ಹೇಳಿ.

ಸ್ಟೆಲ್ಲಾ


ಔರಾದ
24 ಅಕ್ಟೋಬರ್ 2024

ಸ್ಟೆಲ್ಲಾಗೆ ಆಶೀರ್ವಾದ.

ಪೆಟ್ಟಿಗೆ ಕೂರಿಸಿದರು. ಬಂದವರು ಒಳ್ಳೆಯವರು, ಚಹಾ ಕುಡಿಯುವಾಗ ನನಗೂ ಕೊಟ್ಟರು. ಗೋಡೆಗೆ ಮೊಳೆ ಹೊಡೆಯುವಾಗ ಪೆಟ್ಟಿಗೆಯನ್ನು ಎತ್ತಿ ಹಿಡಿದವನು ನಾನೇ. ನಾಲ್ಕು ದಿನದ ಹಿಂದೆ ಸಂಜೆ ಅದು ಮೊದಲ ಸಲ ಕೆಲಸ ಮಾಡಿತು. ಟಕ್ ಎಂದು ಒಂದು ಸದ್ದು. ನನಗೂ ಕೇಳಿಸಿತು. ಮುಳ್ಳು ಮೇಲೆ ಬಂದು ನಿಂತಿತು. ನಾನು ಅಂಗಳಕ್ಕೆ ಬಂದು ಊರ ಕಡೆ ನೋಡಿದೆ. ಒಳಗೆ ಬಂದು, ಎಕಂಬಾ ಫೀಡರ್ ಕಡಿತವಾಯಿತು ಎಂದು ಬರೆದೆ. ಮುನೀರೋದ್ದೀನ ಈಗ ಸ್ಟೇಶನ್ನಿಗೆ ಬರುವುದಿಲ್ಲ. ಎದುರು ಸಿಕ್ಕರೆ ಸಲಾಮು ಮಾಡುತ್ತಾನೆ, ನಿಲ್ಲುವುದಿಲ್ಲ.

ನಾನು ಫೋನಿನಲ್ಲಿ ಹೇಳಿದರೆ ಅವಳು ಏನಂದಳು ಎಂಬುದು ನನಗೆ ಕೇಳಿಸುವುದಿಲ್ಲ. ಬೀದರಕ್ಕೆ ಬಂದು ಎದುರು ಕೂತು ಹೇಳುವ ಧೈರ್ಯವೂ ಇಲ್ಲ. ಅವಳಿಗೆ ಓದಲು ಬಾರದು. ಅದಕ್ಕೆ ಕೆಳಗೆ ಬರೆದಿದ್ದೇನೆ. ನೀನೇ ಓದಿ ಹೇಳಬೇಕಾಗುತ್ತದೆ. ಕ್ಷಮಿಸು.

ಆನಂದಮ್ಮಾ, ಎರಡನೇ ಲೈನು ಬರುವುದಿಲ್ಲ. ಇನ್ನು ಮೇಲೆ ವೋಲ್ಟೇಜ್ ಇಳಿದಾಗ ಎಲ್ಲಕ್ಕಿಂತ ಮೊದಲು ನಮ್ಮ ಊರನ್ನೇ ಕಡಿಯುತ್ತಾರೆ. ಹಾಗೆ ಪಟ್ಟಿ ಬರೆದವಳು ನಮ್ಮ ಮಗಳು. ಅದು ಅವಳ ಕೆಲಸ. ಪೆಟ್ಟಿಗೆ ಎತ್ತಿ ಹಿಡಿದವನು ನಾನು. ಅದು ನನ್ನ ಕೆಲಸ. ಗುಂಡಿಗೆ ಬೀಗ ಹಾಕಿದ್ದಾರೆ, ಬೀಗದ ಕೈ ಭಾಲ್ಕಿಯಲ್ಲಿದೆ. ನನ್ನ ಕೈಯಲ್ಲಿ ಇದ್ದದ್ದು ಅದೊಂದೇ ಆಗಿತ್ತು. ನೀನು ಅಲ್ಲೇ ಇರು. ಮಗಳನ್ನು ಬೈಯಬೇಡ. ರಜೆ ಸಿಕ್ಕಾಗ ಬರುತ್ತೇನೆ.

ಇಷ್ಟೇ.

ಯೇಸಪ್ಪ


ಬೀದರ
3 ನವೆಂಬರ್ 2024

ಅಪ್ಪನಿಗೆ ವಂದನೆಗಳು.

ಇವತ್ತು ಓದಿದೆ. "ಪಟ್ಟಿ ಬರೆದವಳು ನಮ್ಮ ಮಗಳು" ಎಂಬಲ್ಲಿ ಕಾಗದ ಮಡಿಸಿದೆ. ಅವ್ವ, "ಓದು, ನಿಮ್ಮಪ್ಪ ಬರದದ್ದು ಪೂರಾ ಓದು" ಎಂದಳು. ಓದಿದೆ.

ಬೈಯಲಿಲ್ಲ. ಅಳಲಿಲ್ಲ. ಮೂಗಿನ ನಳಿಕೆಯನ್ನು ಸರಿ ಮಾಡಿಕೊಂಡು ಗೋಡೆ ನೋಡುತ್ತ ಮಲಗಿದಳು. ನಾನು ಕಾಲೊತ್ತಿದೆ. "ಮಹಮೂದಾ ಬೇಗಂ ಕೇಳಿದರ ಏನಂತ ಹೇಳ್ತಾರೋ ಪಾಪ, ನಿಮ್ಮಪ್ಪ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಇಲ್ಲಿ ಚರ್ಚಿನ ಬುಕ್ಕಿನಾಗ ಹೆಸರು ಬರಸಬೇಕಂದ್ರ ಊರಿನ ಪಾಸ್ಟರ್ ಚೀಟಿ ಕೊಡಬೇಕಲ್ಲಾ?"

ಯಾಕವ್ವಾ ಎಂದೆ.

"ಹೆಸರು ಎಕಂಬಾದಾಗ ಇಟಗೊಂಡು ಇಲ್ಲಿ ಸತ್ತರ ಮಣ್ಣಿಗಿ ಜಾಗಾ ಎಲ್ಲಿ ಕೇಳ್ತಿ? ನಿನಗ ಓಡ್ಯಾಡೋದು ಆಗ್ತದ. ಈಗೇ ಚೀಟಿ ತರಸು" ಎಂದಳು. ಅಕ್ಕಿ ತರಿಸು ಎನ್ನುವ ದನಿಯಲ್ಲಿ ಹೇಳಿದಳು. ಹಾಗೆಲ್ಲ ಮಾತಾಡಬೇಡ ಎಂದೆ. ಆದರೆ ಸಂಜೆ ಮತ್ತೆ ಕೇಳಿದಳು, ಅಪ್ಪಗ ಬರದಿಯಾ ಎಂದು.

ನಿಮ್ಮ ಹೆಸರನ್ನೂ ಅದೇ ಚೀಟಿಯಲ್ಲಿ ಬರೆಸಬೇಕೇ ಎಂದು ಕೇಳಿದೆ. ನಿಮ್ಮ ಅಪ್ಪ, ಅಜ್ಜ ಎಲ್ಲರೂ ಎಕಂಬಾದ ಮಣ್ಣಿನಲ್ಲಿದ್ದಾರೆ, ಅದು ಅವಳಿಗೆ ಗೊತ್ತು. "ನಾನು ಕರದೆ ಅಂತ ಬರೀಬ್ಯಾಡ. ಅದು ಅವರಿಗಿ ಬಿಟ್ಟದ್ದು" ಎಂದಳು.

ಪಾಸ್ಟರರು ಭಾನುವಾರ ಮಾತ್ರ ಊರಿಗೆ ಬರುತ್ತಾರಲ್ಲ. ಆರಾಧನೆ ಮುಗಿದ ಮೇಲೆ ಅವರನ್ನು ಕಂಡು ಚೀಟಿ ಕೇಳಿ. ಎಷ್ಟು ಹೆಸರು ಬರೆಯಲಿ ಎಂದು ಅವರು ಕೇಳುತ್ತಾರೆ. ಏನು ಹೇಳಬೇಕೋ ಅದನ್ನು ನೀವೇ ಹೇಳಿ ಅಪ್ಪಾ.

ನಿಮ್ಮ ಮಗಳು,
ಸ್ಟೆಲ್ಲಾ